ಬೆಟ್ಟಣ್ಣ ಕಟ್ಟಿದ ಹಗ್ಗ

ಬೆಟ್ಟಸ್ವಾಮಿಯವರು, ನಮ್ಮ ಬೆಟ್ಟಣ್ಣ, ನನಗೆ ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿಗೂ ಒಂದು ಷರತ್ತಿಗೂ ಸಿಕ್ಕಿದರು. ಅವರು ಹದಿನಾಲ್ಕು ಕೇಳಿದ್ದರು. ನಾನು ಏಳರಿಂದ ಶುರುಮಾಡಿ, ವಾರಕ್ಕೆ ಮೂರೇ ದಿನದ ಕೆಲಸ, ಮಧ್ಯಾಹ್ನದ ಕಾಫಿ ನಮ್ಮದು ಎಂದೆಲ್ಲ ಹೇಳಿ ಒಂಬತ್ತಕ್ಕೆ ತಂದು ನಿಲ್ಲಿಸಿದೆ. ಅವರು ತಲೆಯಾಡಿಸಿ, "ದುಡ್ಡಿಂದು ಮುಗೀತು. ಇನ್ನು ನಂದೊಂದೈತೆ" ಎಂದು ಷರತ್ತು ಹೇಳಿದರು. ಐದು ಸಾವಿರ ಇಳಿಸಿದ ಖುಷಿಯಲ್ಲಿದ್ದ ನಾನು ಅದಕ್ಕೆ ಹೂಂ ಅಂದುಬಿಟ್ಟೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಚೌಕಾಸಿ ಮಾಡದೆ ಕೊಂಡದ್ದು ಅದೊಂದನ್ನೇ. ಕೊನೆಗೆ ದುಬಾರಿ ಬಿದ್ದದ್ದೂ ಅದೇ.

ಷರತ್ತು ಎಂದರೆ ಒಂದು ಹಗ್ಗ. ಮಾತಿಗೆ ಹೇಳುತ್ತಿಲ್ಲ, ನಿಜವಾದ ಹಗ್ಗ. ಮಾರನೆಯ ದಿನ ಬರುವಾಗ ಮನೆಯಿಂದ ಕರು ಕಟ್ಟುವ ಹಗ್ಗ ತಂದರು. ಸ್ಟೂಲು ಹತ್ತಿ ಅದನ್ನು ಸೂರಿನ ಕೊಕ್ಕೆಗೆ ಬಿಗಿದರು, ಅಲ್ಲೇ ಮೇಲೆ ಒಂದು ಹಸುವಿನ ಕೊರಳ ಗಂಟೆ ಕಟ್ಟಿದರು, ತುದಿಯನ್ನು ಕಂಪ್ಯೂಟರ್ ಮುಂದೆ ಕೂತವರ ಕೈಗೆ ಎಟುಕುವಂತೆ ಇಳಿಬಿಟ್ಟರು. ಕೆಲಸದಲ್ಲಿ ಏನೇ ತಪ್ಪು ಕಂಡರೂ ಆಫೀಸಿನಲ್ಲಿ ಯಾರು ಬೇಕಾದರೂ ಅದನ್ನು ಎಳೆಯಬಹುದು. ಗಂಟೆ ಸದ್ದಾಯಿತೆಂದರೆ ಎಲ್ಲರೂ ಕೀಬೋರ್ಡಿನಿಂದ ಕೈ ತೆಗೆಯಬೇಕು. ತಪ್ಪು ಸರಿಯಾಗುವ ತನಕ ಒಂದು ಪೆನ್‌ಡ್ರೈವೂ ಬಾಗಿಲು ದಾಟುವ ಹಾಗಿಲ್ಲ, ಯಜಮಾನಿಯಾದ ನಾನು ಹೇಳಿದರೂ.

"ನಮ್ ಫ್ಯಾಕ್ಟ್ರೀಲಿ ಲೈನ್ ಉದ್ದುಕ್ಕೂ ಇಂಥದೊಂದು ಹಗ್ಗ ಐತೆ ಕಣವ್ವ" ಎಂದರು ಸ್ಟೂಲಿನ ಮೇಲಿಂದಲೇ. "ಯಾರಾನಾ ಎಳೀಬೌದು. ಎಳುದ್ರೆ ಲೈನ್ ನಿಂತೋಯ್ತದೆ. ಮ್ಯಾನೇಜರ್ ಓಡ್ಬತ್ತಾನೆ, ಆದ್ರೆ ಬಯ್ಯಂಗಿಲ್ಲ. ಏನಾಯ್ತಪ್ಪಾ ಅಂತ ಕೇಳ್ಬೇಕು. ನಂಗೂ ಅಷ್ಟೇ ಬೇಕಾಗಿರೋದು."

ನಮ್ಮ ಆಫೀಸು ರಾಮನಗರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ. ನಾನು ಮಾಗಡಿ ಕಡೆಯವಳು. ಎಲೆಕ್ಟ್ರಾನಿಕ್ ತಕ್ಕಡಿ ಮಾರುವುದರಿಂದ ಶುರುಮಾಡಿದವಳು. ತಕ್ಕಡಿ ಕೊಂಡ ಹಾಲಿನ ಡೈರಿಗಳವರು, ಅಳತೆ ತಾನಾಗಿ ಕಂಪ್ಯೂಟರಿಗೆ ಹೋಗಿ ಚೀಟಿ ಬರುವಂತಿದ್ದರೆ ಚೆನ್ನ ಅಂದರು. ಚೆನ್ನ ಅಂತ ಗಿರಾಕಿ ಹೇಳಿದ್ದನ್ನು ನಾನು ಬಿಡುವವಳಲ್ಲ. ಕನಕಪುರದ ಪ್ರಸನ್ನ ಎಂಬ ಎಂಜಿನಿಯರನ್ನು ಸೇರಿಸಿಕೊಂಡು ಸಾಫ್ಟ್‌ವೇರ್ ಬರೆಸಿದೆ. ಹಾಲಿನ ಕ್ಯಾನು ತಕ್ಕಡಿಯ ಮೇಲಿಟ್ಟರೆ ಊರಿನ ಹೆಸರು, ಹಾಲು ಹಾಕಿದವರ ಹೆಸರು, ಲೀಟರು, ಫ್ಯಾಟು ಎಲ್ಲ ಚೀಟಿಯಲ್ಲಿ ಬರುತ್ತದೆ. ಎರಡು ವರ್ಷದಲ್ಲಿ ನಾಲ್ಕು ತಾಲ್ಲೂಕಿನಲ್ಲಿ ನಲವತ್ತಕ್ಕೂ ಹೆಚ್ಚು ಡೈರಿಗಳು ನಮ್ಮ ಕೈಗೆ ಬಂದವು.

ತೊಂದರೆ ಇದ್ದದ್ದು ಬರೆಯುವುದರಲ್ಲಲ್ಲ, ಕೊಡುವುದರಲ್ಲಿ. ಪ್ರತಿ ಊರಿನ ತಕ್ಕಡಿ ಬೇರೆ, ಪ್ರಿಂಟರ್ ಬೇರೆ, ದರದ ಪಟ್ಟಿ ಬೇರೆ. ಒಂದು ಊರಿಗೆ ಹೊಸ ಪ್ರತಿ ತಯಾರಾಗಬೇಕಾದರೆ ಪ್ರಸನ್ನ ಹದಿನೇಳು ಕೆಲಸ ಮಾಡಬೇಕಿತ್ತು. ಹಳೆಯ ಫೈಲು ಅಳಿಸು, ಹೊಸದನ್ನು ಕಟ್ಟು, ಆ ಊರಿನ ಹೆಸರು ತುಂಬು, ತಕ್ಕಡಿಯ ನಮೂನೆ ತುಂಬು, ಪರೀಕ್ಷೆ ಮಾಡು, ಗಂಟು ಕಟ್ಟು, ಪೆನ್‌ಡ್ರೈವಿಗೆ ಹಾಕು, ಹೀಗೆ. ಹದಿನೇಳನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಆ ಹಾಳೆಯನ್ನು ಅವನು ನೋಡುತ್ತಿರಲಿಲ್ಲ, ಬಾಯಿಗೆ ಬರುತ್ತಿತ್ತು.

ಬೆಟ್ಟಣ್ಣ ಮೊದಲ ಸಲ ನಮ್ಮಲ್ಲಿಗೆ ಬಂದದ್ದು ತಕ್ಕಡಿ ರಿಪೇರಿಗೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಕಡೆಯ ತಪಾಸಣೆಯ ವಿಭಾಗದಲ್ಲಿದ್ದು, ಸ್ವಂತ ಇಚ್ಛೆಯಿಂದ ಬಿಟ್ಟು, ಬೈರಮಂಗಲದ ಮನೆಯಲ್ಲಿ ಎರಡು ಹಸು ಕಟ್ಟಿದ್ದರು. ಐವತ್ತೆರಡರ ಕುಳ್ಳು ಮನುಷ್ಯ. ಕನ್ನಡಕಕ್ಕೆ ದಾರ. ಕಾಲಿಗೆ ಇನ್ನೂ ಕಾರ್ಖಾನೆಯದೇ ಭಾರದ ಬೂಟು. ರಿಪೇರಿ ಆಗುವ ತನಕ ಬೆಂಚಿನ ಮೇಲೆ ಕೂತು ಗೋಡೆಯ ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

"ಈ ಚೀಟಿ ಯಾರಿಗ್ಲಾ ಅಂಟ್ಸಿರೋದು?"

"ನನಗೇ ಅಂಕಲ್. ಈಗ ಬೇಕಾಗಲ್ಲ, ಎಲ್ಲಾ ತಲೇಲಿದೆ" ಎಂದ ಪ್ರಸನ್ನ.

"ತಲೇಲಿ ಐತಾ? ಅಂಗಾರೆ ಎಂದಾರಾ ತಪ್ಪೋಯ್ತದೆ ಬುಡು."

ನಾನು ನಕ್ಕೆ. ಪ್ರಸನ್ನನೂ ನಕ್ಕ. ರಿಪೇರಿಗೆ ಇನ್ನೂರು ಹೇಳಿದ್ದೆ, ನೂರೈವತ್ತು ಕೊಟ್ಟು ಹೋದರು. ಚೌಕಾಸಿಯಲ್ಲಿ ನನ್ನ ಸಮ ಬರಬಲ್ಲವರು ಎಂದು ಅವತ್ತೇ ಅನ್ನಿಸಿತು.

ಅವರ ಮಾತು ನಿಜವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಅರಳೀಕೆರೆ ದೊಡ್ಡ ಊರು, ಅದರ ಪಕ್ಕದ ಮಾಳಗದೊಡ್ಡಿ ಅರವತ್ತು ಮನೆಯ ಹಟ್ಟಿ. ದೊಡ್ಡಿಯವರು ಕ್ಯಾನು ಹೊತ್ತು ಅರಳೀಕೆರೆಗೇ ಹೋಗಿ ಹಾಲು ಹಾಕಬೇಕಿತ್ತು. ಹೋದರೆ ಅವರನ್ನು ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದರು. ಆರು ವರ್ಷ ಓಡಾಡಿ, ಅರ್ಜಿ ಹಾಕಿ, ಜಗಳವಾಡಿ ದೊಡ್ಡಿಯವರು ತಮ್ಮದೇ ಡೈರಿ ಮಾಡಿಕೊಂಡರು. ಯಂತ್ರ ನಮ್ಮದು. ಡೈರಿ ಶುರುವಾಗುವ ಹಿಂದಿನ ದಿನ ಪ್ರಸನ್ನ ಅರಳೀಕೆರೆಯ ಫೋಲ್ಡರನ್ನೇ ನಕಲು ಮಾಡಿಕೊಂಡು ಹೊಸ ಊರಿನದನ್ನು ತಯಾರು ಮಾಡುತ್ತಿದ್ದ. ನಡುವೆ ನಾನು, ಕೆಳಗೆ ಗಿರಾಕಿ ಕಾಯುತ್ತಿದ್ದಾರೆ ಬೇಗ ಬಾ ಎಂದು ಎರಡು ಸಲ ಕೂಗಿದೆ. ಹತ್ತನೆಯ ಕೆಲಸ ಮುಗಿಸಿ ಎದ್ದು ಹೋದವನು ಬಂದು ಹನ್ನೆರಡರಿಂದ ಮುಂದುವರಿಸಿದ. ಹನ್ನೊಂದನೆಯದು ಊರಿನ ಹೆಸರು ಬದಲಾಯಿಸುವುದು.

ಬೆಳಿಗ್ಗೆ ಆರು ಗಂಟೆಗೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಯಂತ್ರಕ್ಕೆ ಕುಂಕುಮ ಇಟ್ಟು, ಊರಿನ ಹಿರಿಯ ಹೆಂಗಸು ಚಿಕ್ಕತಾಯಮ್ಮನ ಕೈಯಲ್ಲಿ ಮೊದಲ ಹಾಲು ಹಾಕಿಸಿದರು. ಚೀಟಿ ಬಂತು. ಯಾರೋ ಓದಿದರು. ಮೇಲೆ ದಪ್ಪಕ್ಷರದಲ್ಲಿ "ಅರಳೀಕೆರೆ" ಎಂದಿತ್ತು.

ನಾನು ಅಲ್ಲೇ ನಿಂತಿದ್ದೆ. ಯಾರೂ ಕೂಗಾಡಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಕ್ಯಾನು ಎತ್ತಿಕೊಂಡು ಹಿಂದಕ್ಕೆ ತಿರುಗಿದರು. ಚಿಕ್ಕತಾಯಮ್ಮ ಚೀಟಿಯನ್ನು ನನ್ನ ಕೈಗಿಟ್ಟು ಹೇಳಿದಳು: "ಆರೊರ್ಸ ಬಿಸ್ಲಲ್ಲಿ ನಿಂತಿದ್ದು ಇದ್ಕಾ ನಾವು? ತಗಂಡೋಗು ತಾಯಿ ನಿನ್ ಮಿಷಿನ್ನ."

ಅವತ್ತು ಎರಡು ಹೊತ್ತಿನ ಹಾಲು ದೊಡ್ಡಿಯಲ್ಲೇ ಮೊಸರಾಯಿತು. ಡೈರಿಯ ಸೆಕ್ರೆಟರಿ ರಾಮಕೃಷ್ಣಯ್ಯನವರನ್ನು ಕಾಡಿ ಬೇಡಿ ಯಂತ್ರ ಉಳಿಸಿಕೊಂಡೆ. ಮೂರನೆಯ ದಿನ ಬೈರಮಂಗಲದ ಬಸ್ಸು ಹತ್ತಿದೆ. ನನಗೆ ಒಳ್ಳೆಯವರೂ ಬೇಕಿರಲಿಲ್ಲ, ಜಾಣರೂ ಬೇಕಿರಲಿಲ್ಲ. ಆ ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದುವವರು ಬೇಕಿತ್ತು. ಅಲ್ಲಿ ನಡೆದ ಚೌಕಾಸಿಯನ್ನೇ ಮೊದಲು ಹೇಳಿದ್ದು.

ಬೆಟ್ಟಣ್ಣನಿಗೆ ಒಂದು ಚಾಳಿ. ಏನೇ ಮಾಡುವ ಮೊದಲು ತೋರುಬೆರಳು ಚಾಚಿ, ಅದರ ಹೆಸರು ಗಟ್ಟಿಯಾಗಿ ಹೇಳಿ, 'ಸರಿ' ಅನ್ನಬೇಕು. ಆಫೀಸಿಗೆ ಬಂದವರೇ, "ಬಾಗ್ಲು, ಸರಿ. ಸ್ವಿಚ್ಚು, ಸರಿ" ಎನ್ನುತ್ತ ಒಳಗೆ ಬರುವರು. ಪೆನ್‌ಡ್ರೈವ್ ಇಡುತ್ತಿದ್ದ ಬಿಸ್ಕತ್ತಿನ ಡಬ್ಬಿ ತೆರೆದು ಒಂದೊಂದಕ್ಕೂ ಬೆರಳು ತೋರಿಸಿ ಎಣಿಸುವರು. ಕಾರ್ಖಾನೆಯಲ್ಲಿ ಕಲಿಸಿದ್ದಂತೆ. ಮನೆಯಲ್ಲಿ ಹಸುವಿಗೂ ಹಾಗೇ ಮಾಡುವರೆಂದು ಅವರ ಹೆಂಡತಿ ಹೇಳಿದ್ದರು: "ಕೆಚ್ಚಲು ಸರಿ, ಕಾಲು ಸರಿ, ಹಗ್ಗ ಸರಿ ಅಂತವ್ರೆ. ಹಸ ನನ್ ಮಖ ನೋಡ್ತದೆ." ಇನ್ನೊಂದು ನಿಯಮ, ಕೆಲಸದ ಮೇಜಿನ ಹತ್ತಿರ ಊಟ ಇಲ್ಲ. ಒಂದು ಗಂಟೆಗೆ ಸರಿಯಾಗಿ ಬುತ್ತಿ ಹಿಡಿದು ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿಗೆ ಹೋಗುವರು. ಮುದ್ದೆ ಉಂಡು, ಒಂದು ರೈಲು ನೋಡಿ, ಒಂದು ಮುಕ್ಕಾಲಿಗೆ ವಾಪಸು.

ಕಂಪ್ಯೂಟರಿನಲ್ಲಿ ಅವರಿಗೆ ಬರುತ್ತಿದ್ದುದು ಒಂದೇ ವಿದ್ಯೆ, ಕಪ್ಪು ಪರದೆ. ಕಾರ್ಖಾನೆಯ ತಪಾಸಣೆ ವರದಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಿನಾ ಕಳಿಸಬೇಕಿತ್ತಂತೆ. ಯಾರೋ ಎಂಜಿನಿಯರು, ಇಲಿಯಂತೆ ಓಡಾಡುವ ಮೌಸು ಬಿಡಿ, ಇಲ್ಲಿ ಒಂದು ಮಾತು ಟೈಪ್ ಮಾಡಿ ಸಾಕು ಎಂದು ತೋರಿಸಿಕೊಟ್ಟಿದ್ದರು. ಅಲ್ಲಿಂದ ತಾವೇ ಕಲಿತಿದ್ದರು. ಪ್ರಸನ್ನನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹದಿನೇಳು ಕೆಲಸಗಳನ್ನೂ ಒಂದೊಂದಾಗಿ ಮಾಡಿಸಿ, ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದು ತಿಂಗಳಲ್ಲಿ, ಅವನ್ನೆಲ್ಲ ಕಂಪ್ಯೂಟರೇ ಸರದಿಯಲ್ಲಿ ಮಾಡುವಂತೆ ಆದೇಶಗಳ ಪಟ್ಟಿ ಬರೆದು, ಪ್ರಸನ್ನನ ಮಾತಿನಲ್ಲಿ ಸ್ಕ್ರಿಪ್ಟು, ಆರು ಮಾತಿಗೆ ಇಳಿಸಿದರು. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಾದರೂ ಮಾತು ನಮ್ಮದೇ: ತೊಳಿ, ಕಟ್ಟು, ಹೆಸ್ರು, ಒರೆ, ಗಂಟು, ಕೊಡು.

'ತೊಳಿ' ಎಂದರೆ ಹಳೆಯದನ್ನೆಲ್ಲ ಅಳಿಸುವುದು. 'ಒರೆ' ಎಂದರೆ ಒರೆಗೆ ಹಚ್ಚುವುದು, ಪರೀಕ್ಷೆ. ನಿಜವಾದ ತಕ್ಕಡಿ ಕಳಿಸುವ ಅಂಕಿಗಳನ್ನು ಫೈಲಿನಲ್ಲಿ ಬರೆದಿಟ್ಟು, ಅದನ್ನು ಸಾಫ್ಟ್‌ವೇರಿಗೆ ಉಣಿಸಿ, ಬರುವ ಚೀಟಿಯನ್ನು ಅದೇ ಓದಿ ತಾಳೆ ನೋಡುತ್ತಿತ್ತು. 'ಕೊಡು' ಎಂದು ಒಂದೇ ಮಾತು ಟೈಪ್ ಮಾಡಿದರೂ ಸಾಕು, ಹಿಂದಿನ ಐದನ್ನೂ ಅದೇ ಸರದಿಯಲ್ಲಿ ಮಾಡಿಕೊಳ್ಳುತ್ತಿತ್ತು. ಎಲ್ಲಾದರೂ ತಪ್ಪು ಸಿಕ್ಕರೆ ಅಲ್ಲಿಗೇ ನಿಲ್ಲುತ್ತಿತ್ತು.

ಇದು ಹೇಗೆ ಎಂದು ನಾನು ಕೇಳಿದಾಗ ಬೆಟ್ಟಣ್ಣ ಹೇಳಿದ್ದು ಹೀಗೆ: "ಮುದ್ದೆ ಬಡ್ಸು ಅಂದ್ರೆ ಎಸ್ರು ಇಡ್ಬೇಕು ಅನ್ನೋದು ಅದ್ಕೇ ಗೊತ್ತಿರ್ಬೇಕು ಕಣವ್ವ. ಎಸ್ರು ಆಗ್ಲೇ ಕುದೀತಾ ಇದ್ರೆ ಇನ್ನೊಂದ್ಕಿತ ಇಡಬಾರ್ದು, ಅದೂ ಗೊತ್ತಿರ್ಬೇಕು. ಹಿಟ್ಟು ಗಂಟಾಯ್ತಾ, ಮುಂದ್ಕೋಗಬಾರ್ದು. ಅಷ್ಟೇಯ."

ಆದರೆ ಎಲ್ಲ ತಾನಾಗಿ ಆಗುವ ಆ ಸ್ಕ್ರಿಪ್ಟಿನ ಕೊನೆಯಲ್ಲಿ ಬೆಟ್ಟಣ್ಣ ಬೇಕೆಂದೇ ಒಂದು ಕಡೆ ತಡೆ ಇಟ್ಟಿದ್ದರು. ಪೆನ್‌ಡ್ರೈವಿಗೆ ಹಾಕುವ ಮುನ್ನ ಕಪ್ಪು ಪರದೆ ನಿಂತು, "ಯಾರಿಗೆ?" ಎಂದು ಕೇಳುತ್ತಿತ್ತು. ಊರಿನ ಹೆಸರನ್ನು ಒಂದೊಂದು ಅಕ್ಷರವಾಗಿ ಕೈಯಲ್ಲೇ ಹೊಡೆಯಬೇಕು. ಹೊಡೆದದ್ದೂ ಒಳಗಿರುವುದೂ ಒಂದೇ ಆದರೆ ಮಾತ್ರ ಮುಂದೆ.

ಪ್ರಸನ್ನನಿಗೆ ಸಿಟ್ಟು ಬಂತು. "ಏನಂಕಲ್, ಎಲ್ಲಾ ಆಟೊಮ್ಯಾಟಿಕ್ ಮಾಡಿ ಕೊನೇಲಿ ಮತ್ತೆ ಟೈಪ್ ಮಾಡು ಅಂದ್ರೆ? ಅದನ್ನೂ ಅದೇ ಮಾಡ್ಕೊಳತ್ತೆ, ಎರಡು ಸಾಲು ಬರೆದ್ರೆ ಸಾಕು."

"ಮಾಡ್ಕತದೆ. ಅರಳೀಕೆರೇನೂ ಅಂಗೇ ತಾನೇ ಮಾಡ್ಕಂಡಿದ್ದು?"

ಪ್ರಸನ್ನ ಮತ್ತೆ ಆ ವಿಷಯ ಎತ್ತಲಿಲ್ಲ.

ಹಾಲಿನ ದರದ ಪಟ್ಟಿ ಬದಲಾದ ದಿನ ಆ ಸ್ಕ್ರಿಪ್ಟಿನ ಬೆಲೆ ನನಗೆ ತಿಳಿಯಿತು. ಹಿಂದೆಲ್ಲ ಹಾಗಾದರೆ ಎಲ್ಲ ಊರಿಗೂ ಹೊಸ ಪ್ರತಿ ಕೊಡಲು ಎರಡೂವರೆ ದಿನ ಹಿಡಿಯುತ್ತಿತ್ತು. ಅವತ್ತು ಹನ್ನೊಂದಕ್ಕೆ ಶುರುವಾಗಿ ಊಟದ ಹೊತ್ತಿಗೆ ಮುಗಿಯಿತು. ಮೆಟ್ಟಿಲ ಮೇಲೆ ಸೆಕ್ರೆಟರಿಗಳ ಸಾಲು. ಬೆಟ್ಟಣ್ಣ ಅವತ್ತು 'ಯಾರಿಗೆ' ಎಂಬ ಪ್ರಶ್ನೆಯನ್ನು ಪ್ರಸನ್ನನಿಗೆ ಬಿಡದೆ ಆಯಾ ಊರಿನವರಿಗೇ ಕೇಳಿದರು. ಅವರು ಗಟ್ಟಿಯಾಗಿ ಹೇಳಬೇಕು, ಇವನು ಹೊಡೆಯಬೇಕು.

"ಇದೇನ್ರೀ ಬೆಟ್ಟಸ್ವಾಮಿ, ಹೊಸ ಹೆಣ್ಣಿನ ಕೈಲಿ ಗಂಡನ್ ಹೆಸ್ರು ಹೇಳ್ಸಿದಂಗೆ ಹೇಳ್ಸ್ತಾ ಇದೀರಲ್ಲ" ಎಂದರು ಅರಳೀಕೆರೆಯ ಸೆಕ್ರೆಟರಿ ಪುಟ್ಟೇಗೌಡರು.

"ಹೇಳಿ ಗೌಡ್ರೇ, ನಾಚ್ಕಬ್ಯಾಡಿ."

"ಅರಳೀಕೆರೆ ಕಣಯ್ಯಾ!"

"ಒಸಿ ಗಟ್ಟಿಯಾಗಿ ಹೇಳಿ, ಹಿಂದ್ಗಡೆ ಮಾಳಗದೊಡ್ಡಿಯವ್ರು ನಿಂತವ್ರೆ. ಅವ್ರಿಗೂ ಕೇಳಿಸ್ಲಿ."

ಮೆಟ್ಟಿಲೆಲ್ಲ ನಗು. ಸರದಿ ಬಂದಾಗ ಮಾಳಗದೊಡ್ಡಿಯ ರಾಮಕೃಷ್ಣಯ್ಯ ತಮ್ಮ ಊರಿನ ಹೆಸರನ್ನು ಕೆಳಗಿನ ಹಾರ್ಡ್‌ವೇರ್ ಅಂಗಡಿಗೂ ಕೇಳುವಷ್ಟು ಜೋರಾಗಿ ಹೇಳಿದರು. ಚೀಟಿಯ ಮಾದರಿ ಕೈಗೆ ಬಂದಾಗ ಬೆರಳಿಟ್ಟು ಓದಿ, ಬೆಟ್ಟಣ್ಣನ ಕಡೆ ನೋಡಿ, "ಸರಿ" ಎಂದರು. ಆ ಚಾಳಿ ಅವರಿಗೂ ಹತ್ತಿತ್ತು.

ಹಗ್ಗವನ್ನು ಬೆಟ್ಟಣ್ಣ ತಿಂಗಳಿಗೆ ಒಂದೆರಡು ಸಲ ಎಳೆಯುತ್ತಿದ್ದರು. ಬಹುಪಾಲು ಸಣ್ಣ ಕಾರಣಗಳು. ಒಂದು ಸಲ ಪ್ರಸನ್ನ ಫೋನಿನಲ್ಲಿ ಮಾತಾಡುತ್ತ ಊರಿನ ಹೆಸರು ಹೊಡೆಯುತ್ತಿದ್ದಾನೆಂದು ಎಳೆದರು. ಇನ್ನೊಂದು ಸಲ ಪ್ರಸನ್ನನೇ ಎಳೆದ. ಬೆಟ್ಟಣ್ಣ ತೇದಿ ತಪ್ಪು ಬರೆದಿದ್ದರು. ಅವತ್ತು ಅವರಿಗಾದ ಸಂತೋಷ ನೋಡಬೇಕಿತ್ತು. ಕೆಳಗಿಳಿದು ಹೋಗಿ ಎಲ್ಲರಿಗೂ ಬಾಳೆಹಣ್ಣು ತಂದರು. ನಾನು ಮಾತ್ರ ಒಂದು ಸಲವೂ ಎಳೆದಿರಲಿಲ್ಲ. ಅದು ಕೆಲಸ ನಿಲ್ಲಿಸುವ ಹಗ್ಗ, ನನ್ನ ವ್ಯಾಪಾರ ನಡೆಯುವುದು ಕೆಲಸ ಓಡುವುದರಿಂದ.

ಬೆಟ್ಟಣ್ಣ ಬಂದ ಎರಡನೆಯ ವರ್ಷ, ಕನಕಪುರದ ಕಡೆಯ ಖಾಸಗಿ ಹಾಲು ವ್ಯಾಪಾರಿಯೊಬ್ಬರು ಬಂದರು. ಅವರದು ಒಂದು ಡೈರಿಯಲ್ಲ, ಹಾಲು ಕೊಳ್ಳುವ ಮೂವತ್ತು ಕೇಂದ್ರ. ಮೊದಲು ಒಂದು ಕೇಂದ್ರಕ್ಕೆ ಹಾಕಿ ನೋಡುತ್ತೇವೆ, ಒಪ್ಪಿಗೆಯಾದರೆ ಎಲ್ಲಕ್ಕೂ ಎಂದರು. ನನ್ನ ಅಷ್ಟು ವರ್ಷದ ವ್ಯಾಪಾರ ಒಂದು ತೂಕ, ಅದೊಂದು ತೂಕ. ಅವರದು ಬೇರೆ ನಮೂನೆಯ ತಕ್ಕಡಿ. ಹೇಳಿದ ದಿನ ಹನ್ನೆರಡೂವರೆಗೆ ಕಾರಿನಲ್ಲಿ ಬಂದು, ಕೂರದೆ, "ಮೈಸೂರಿಗೆ ಹೋಗಬೇಕು, ಪೆನ್‌ಡ್ರೈವ್ ಕೊಟ್ಟರೆ ದಾರಿಯಲ್ಲಿ ಕೇಂದ್ರದ ಹುಡುಗರ ಕೈಗೆ ಕೊಟ್ಟು ಹೋಗುತ್ತೇನೆ" ಎಂದು ಹೇಳಿ ಕೆಳಗಿಳಿದು ಕಾರಿನ ಬಳಿ ನಿಂತರು.

ಬೆಟ್ಟಣ್ಣ 'ಕೊಡು' ಎಂದು ಹೊಡೆದರು. ಪರದೆ 'ಒರೆ'ಯಲ್ಲಿ ನಿಂತಿತು. ಬೆಟ್ಟಣ್ಣ ಹಗ್ಗ ಎಳೆದರು, ಮೇಲಿನ ಗಂಟೆ ಒಮ್ಮೆ ಢಣ್ ಎಂದಿತು.

ಏನಾಗಿದೆ ಎಂದು ಹೋಗಿ ನೋಡಿದೆ. ಬೆಟ್ಟಣ್ಣನ ಪರೀಕ್ಷೆಗಳಲ್ಲಿ ಒಂದು ಖಾಲಿ ಕ್ಯಾನು. ತಕ್ಕಡಿಯ ಮೇಲೆ ಖಾಲಿ ಕ್ಯಾನು ಇಟ್ಟರೆ ಚೀಟಿ ಬರಬಾರದು. ಈ ಹೊಸ ತಕ್ಕಡಿಯ ಅಂಕಿಗಳಿಗೆ ಸೊನ್ನೆ ಲೀಟರ್ ಎಂದು ಚೀಟಿ ಬರುತ್ತಿತ್ತು.

"ಸೊನ್ನೆ ಅಂತ ತಾನೇ ಬರೋದು ಬೆಟ್ಟಣ್ಣ? ಸೊನ್ನೆಗೆ ಯಾರೂ ದುಡ್ಡು ಕೊಡಲ್ಲ. ಒಂದು ಚೀಟಿ ಕಾಗದ ಹೋದರೆ ಹೋಗಲಿ, ಕೊಟ್ಟು ಕಳಿಸಿ" ಎಂದೆ, ಕೆಳಗೆ ಕೇಳಿಸದ ಹಾಗೆ.

"ಏನೂ ಹಾಕ್ದೋನ್ಗೆ ಚೀಟಿ ಯಾಕ್ ಬತ್ತದೆ ಅಂತ ತಿಳ್ಕಬೇಕಲ್ವಾ ಮೊದ್ಲು? ಇವತ್ತು ಸೊನ್ನೆ. ಆ ತಕ್ಕಡಿ ಇನ್ನೇನ್ ಹೇಳ್ತದೋ ನಮಗ್ ಗೊತ್ತಿಲ್ಲ. ಪ್ರಸನ್ನ ನೋಡ್ಲಿ, ಎಲ್ಡು ಗಂಟೆ ಕೊಡು."

"ಎರಡು ಗಂಟೆ ಅವರು ನಿಲ್ಲಲ್ಲ."

"ನಿಲ್ಲದಿದ್ರೆ ನಾಳಿಕ್ ಬತ್ತಾರೆ" ಎಂದು ಹೇಳಿ ಗಡಿಯಾರ ನೋಡಿದರು. ಒಂದು ಗಂಟೆ. ಬುತ್ತಿ ತೆಗೆದುಕೊಂಡು, ಡಬ್ಬಿಯ ಪೆನ್‌ಡ್ರೈವ್‌ಗಳಿಗೆ ಬೆರಳು ತೋರಿಸಿ, "ಆರು, ಸರಿ" ಎಂದು ಹೊರಟರು.

ಅವರ ಬೂಟಿನ ಸದ್ದು ಮೆಟ್ಟಿಲಿಳಿದು ರಸ್ತೆಗೆ ಹೋಗುವ ತನಕ ಕಾದೆ. ಆಮೇಲೆ ಪ್ರಸನ್ನನ ಕಡೆ ತಿರುಗಿ ಹೇಳಿದೆ: "ಹಳೇ ರೀತೀಲಿ ಕೈಯಲ್ಲೇ ಮಾಡಕ್ಕೆ ನಿನಗಿನ್ನೂ ಬರತ್ತೆ ಅಲ್ವಾ?"

ಅವನು ಹಗ್ಗ ನೋಡಿದ, ನನ್ನನ್ನು ನೋಡಿದ. "ಅಂಕಲ್ ಬರಲಿ ಅಕ್ಕಾ" ಎಂದ.

"ಸಂಬಳ ಯಾರು ಕೊಡ್ತಾರೆ?" ಎಂದೆ.

ಇಪ್ಪತ್ತು ನಿಮಿಷದಲ್ಲಿ ಮಾಡಿಕೊಟ್ಟ. ಕಾರು ಹೋಯಿತು.

ಬೆಟ್ಟಣ್ಣ ಒಂದು ಮುಕ್ಕಾಲಿಗೆ ಬಂದರು. ಬಾಗಿಲು ಸರಿ, ಸ್ವಿಚ್ಚು ಸರಿ. ಡಬ್ಬಿ ತೆರೆದು ಬೆರಳು ಚಾಚಿದರು. ಒಂದು, ಎರಡು, ಮೂರು, ನಾಲ್ಕು, ಐದು. ಬೆರಳು ಡಬ್ಬಿಯ ಮೇಲೇ ನಿಂತಿತು. ಪ್ರಸನ್ನ ಕೀಬೋರ್ಡು ನೋಡುತ್ತ ಕೂತಿದ್ದ.

"ನಾನೇ ಹೇಳಿದ್ದು ಬೆಟ್ಟಣ್ಣ. ಅವನದೇನೂ ತಪ್ಪಿಲ್ಲ. ಮೂವತ್ತು ಕೇಂದ್ರ ಕೈತಪ್ಪಿ ಹೋಗ್ತಿತ್ತು."

"ಆಯ್ತು ಕಣವ್ವ."

ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವರು ಜಗಳ ಆಡಲಿಲ್ಲ. ಪ್ರಸನ್ನನ ಪಕ್ಕ ಕೂತು ಖಾಲಿ ಕ್ಯಾನಿನ ತಪ್ಪು ಎಲ್ಲಿದೆ ಎಂದು ಹುಡುಕಿಸಿದರು, ಸರಿ ಮಾಡಿಸಿದರು, ಮತ್ತೆ 'ಒರೆ'ಗೆ ಹಚ್ಚಿ, ಎಲ್ಲ ಸರಿ ಎಂದು ಬರುವ ತನಕ ನೋಡಿದರು. ಐದು ಗಂಟೆಗೆ ಸ್ಟೂಲು ಎಳೆದುಕೊಂಡು ಹತ್ತಿ ಗಂಟೆ ಬಿಚ್ಚಿದರು.

"ಗಂಟೆ ನಮ್ ಹಸಿಂದು. ಹಗ್ಗ ಇರ್ಲಿ" ಎಂದರು.

ಮುಂದಿನ ಸರದಿಯ ದಿನ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ ಹಸು ಈದಿದೆ ಎಂದರು. ನಾನು ಒತ್ತಾಯ ಮಾಡಲಿಲ್ಲ. ವ್ಯಾಪಾರ ಸಿಕ್ಕಿತ್ತು. ಸ್ಕ್ರಿಪ್ಟು ಇತ್ತು, ಅವರಿಲ್ಲದೆಯೂ ಓಡುತ್ತಿತ್ತು. ಆ ಸೊನ್ನೆ ಚೀಟಿಯಿಂದ ಏನಾಯಿತು ಎಂದು ನೀವು ಕೇಳಬಹುದು. ಏನೂ ಆಗಲಿಲ್ಲ. ಸರಿಮಾಡಿದ ಪ್ರತಿ ಕಳಿಸುತ್ತೇವೆ ಎಂದರೂ ಆ ಮೊದಲ ಕೇಂದ್ರದವರು ಬೇಡ ಅಂದರು. ಖಾಲಿ ಕ್ಯಾನಿಗೆ ಬರುವ ಚೀಟಿಯ ಹಿಂಭಾಗದಲ್ಲಿ ಅಂಗಡಿ ಸಾಮಾನಿನ ಪಟ್ಟಿ ಬರೆದುಕೊಳ್ಳಲು ಅನುಕೂಲವಂತೆ. ಅವತ್ತಿನ ವಾದದಲ್ಲಿ ಗೆದ್ದವಳು ನಾನೇ.

ಎರಡು ತಿಂಗಳ ಮೇಲೆ ಪ್ರಸನ್ನ ಏನನ್ನೋ ಬದಲಾಯಿಸಲು ಆ ಸ್ಕ್ರಿಪ್ಟನ್ನು ತೆರೆದ. "ಅಕ್ಕಾ, ಒಸಿ ಬನ್ನಿ ಇಲ್ಲಿ" ಎಂದು ಕರೆದ. ಒಸಿ ಎನ್ನುವುದು ಅವನ ಮಾತಲ್ಲ, ಬೆಟ್ಟಣ್ಣನಿಂದ ಅಂಟಿಸಿಕೊಂಡದ್ದು. ಪ್ರತಿ ಪರೀಕ್ಷೆಯ ಮೇಲೂ ಬೆಟ್ಟಣ್ಣ ಒಂದೊಂದು ಸಾಲು ಟಿಪ್ಪಣಿ ಬರೆದಿದ್ದರು. ಯಂತ್ರ ಅದನ್ನು ಓದುವುದಿಲ್ಲ, ತೆರೆದು ನೋಡುವ ಮನುಷ್ಯರಿಗಾಗಿ ಬರೆಯುವಂಥದ್ದು. ಊರಿನ ಹೆಸರಿನ ಪರೀಕ್ಷೆಯ ಮೇಲೆ: "ಮಾಳಗದೊಡ್ಡಿ ಹೆಂಗಸರು ಹಾಲು ವಾಪಸ್ ತಗೊಂಡು ಹೋದ ದಿನ ಕಲಿತದ್ದು." ತೇದಿಯ ಪರೀಕ್ಷೆಯ ಮೇಲೆ: "ನನ್ನ ತಪ್ಪು. ಹಿಡಿದದ್ದು ಪ್ರಸನ್ನ." ಎಲ್ಲಕ್ಕಿಂತ ಕೆಳಗೆ, ಕೊನೆಯದು: "ಖಾಲಿ ಕ್ಯಾನು, ಹೊಸ ತಕ್ಕಡಿ. ಸಾಯಂಕಾಲ ನಾಲ್ಕೂ ನಲವತ್ತಕ್ಕೆ ಸರಿ ಮಾಡಿದ್ದು. ಕೊಟ್ಟಾದ ಮೇಲೆ."

ಯಾರ ಹೆಸರೂ ಇರಲಿಲ್ಲ. ಪ್ರಸನ್ನ ಅದನ್ನು ಅಳಿಸಲೇ ಎಂದು ಕೇಳಿದ. ಬೇಡ ಎಂದೆ. ಮಾರನೆಯ ದಿನ ಬೈರಮಂಗಲಕ್ಕೆ ಹೋದೆ.

ಸಂಜೆಯ ಹಾಲಿನ ಹೊತ್ತು. ಬೆಟ್ಟಣ್ಣ ಊರಿನ ಡೈರಿಯ ಸಾಲಿನಲ್ಲಿ, ಅದೇ ಬೂಟು ಹಾಕಿಕೊಂಡು, ಕ್ಯಾನು ಹಿಡಿದು ನಿಂತಿದ್ದರು. ಅಲ್ಲಿನ ಯಂತ್ರ ನಮ್ಮದಲ್ಲ. ಸರದಿ ಬಂತು, ಹಾಲು ಸುರಿದರು, ಚೀಟಿ ಬಂತು. ಚೀಟಿಯ ಮೇಲೆ ಬೆರಳಿಟ್ಟು, "ಬೈರಮಂಗಲ, ಸರಿ. ಬೆಟ್ಟಸ್ವಾಮಿ, ಸರಿ. ನಾಲ್ಕೂವರೆ ಲೀಟರು, ಸರಿ" ಎಂದು ಓದಿ ಜೇಬಿಗಿಟ್ಟರು. ಹಿಂದಿದ್ದವನು, "ಜಲ್ದಿ ಜರುಗು ಮಾರಾಯ, ನಿನ್ ಸರಿ ಸರಿ ಕೇಳಿ ಹಾಲು ಒಡೆದೋಯ್ತದೆ" ಎಂದ. ಬೆಟ್ಟಣ್ಣ ನಗುತ್ತ ಪಕ್ಕಕ್ಕೆ ಬಂದು ನನ್ನನ್ನು ನೋಡಿದರು.

"ಏನವ್ವ ಮಂಜುಳವ್ವ, ಇಷ್ಟ್ ದೂರ?"

"ವಾಪಸ್ ಬನ್ನಿ ಬೆಟ್ಟಣ್ಣ. ನೀವು ಮೊದಲು ಕೇಳಿದ ಹದಿನಾಲ್ಕೇ ಕೊಡ್ತೀನಿ. ಬಸ್ ಚಾರ್ಜೂ ನಂದೇ."

"ನೀನು ಚೌಕಾಸಿ ಮಾಡ್ದೆ ದುಡ್ಡು ಏರ್ಸಿದ್ ಇದೇ ಮೊದಲ್ನೆ ಸಲ ಅಲ್ವಾ?"

"ಹೌದು."

ಖಾಲಿ ಕ್ಯಾನನ್ನು ಕಟ್ಟೆಯ ಮೇಲಿಟ್ಟು ಕೂತರು. ಆಮೇಲೆ ಕೇಳಿದರು: "ಒಂದ್ ಮಾತು ಕೇಳ್ತೀನಿ. ನಾನು ಉಣ್ಣಕ್ಕೋದಾಗ ಯಾಕ್ ಮಾಡ್ಸ್‌ದೆ? ನಾನ್ ಕುಂತಿದ್ದಾಗ್ಲೇ ಮಾಡ್ಸ್‌ಬೌದಿತ್ತಲ್ಲ."

ನಾನು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ.

"ಎದ್ರುಗೆ ನಿಂತ್ಕಂಡು, ಬೆಟ್ಟಣ್ಣ, ಇವತ್ತು ನಿನ್ ಹಗ್ಗ ನಡಿಯಾಕಿಲ್ಲ, ಇದು ನನ್ ವ್ಯಾಪಾರ ಅಂದಿದ್ರೆ ಜಗಳ ಆಡ್ತಿದ್ದೆ. ಆಮ್ಯಾಕೆ ಸುಮ್ಕಾಗ್ತಿದ್ದೆ. ಫ್ಯಾಕ್ಟ್ರೀಲೂ ಆ ಥರ ಎಷ್ಟೋ ಸಲ ಸೋತಿವ್ನಿ, ಸೋಲೋದೇನ್ ದೊ‌ಡ್ಡದಲ್ಲ. ನೀನು ನನ್ ಬೂಟಿನ್ ಸದ್ದು ಮರೆಯಾಗ್ಲಿ ಅಂತ ಕಾದೆ. ಪ್ರಸನ್ನ ಹೇಳ್ಲಿಲ್ಲ ಕಣವ್ವ, ಅವನ್ನ ಬಯ್ಬ್ಯಾಡ. ನಂಗೇ ಗೊತ್ತಾಯ್ತದೆ."

"ತಪ್ಪಾಯ್ತು ಬೆಟ್ಟಣ್ಣ."

"ಆಯ್ತು ಬುಡು. ಬಾ, ಕಾಪಿ ಕುಡ್ಕಂಡೋಗು. ಹೊಸ ಹಾಲು."

ಕಾಫಿ ಕುಡಿದೆ. ಕರುವನ್ನು ತೋರಿಸಿದರು. ಅದರ ಕೊರಳಲ್ಲಿ ನಮ್ಮ ಆಫೀಸಿನ ಗಂಟೆ ಇತ್ತು. ಬಸ್ಸಿನ ತನಕ ಬಂದು, ಬಸ್ಸಿನ ಬೋರ್ಡಿಗೆ ಬೆರಳು ತೋರಿಸಿ, "ಬಿಡದಿ, ಸರಿ" ಎಂದು ಹತ್ತಿಸಿದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬರಲಿಲ್ಲ. ನಾನೂ ಮತ್ತೆ ಹೋಗಿಲ್ಲ. ಅದೇ ಕೊನೆಯ ಭೇಟಿ.

ಈಗ ವಾರದ ಮೂರು ದಿನವಲ್ಲ, ಆರೂ ದಿನ ಪ್ರಸನ್ನನೇ ಆ ಕುರ್ಚಿಯಲ್ಲಿ ಕೂರುತ್ತಾನೆ. ಕಪ್ಪು ಪರದೆ ಈಗಲೂ "ಯಾರಿಗೆ?" ಎಂದು ಕೇಳುತ್ತದೆ, ಅವನು ಈಗಲೂ ಕೈಯಲ್ಲೇ ಹೊಡೆಯುತ್ತಾನೆ. ಹಗ್ಗಕ್ಕೆ ಕನಕಪುರದ ಸಂತೆಯಿಂದ ಹೊಸ ಗಂಟೆ ತಂದು ಕಟ್ಟಿದೆ. ಚೌಕಾಸಿ ಮಾಡಿಯೇ ತಂದೆ.

ನೀವೂ ಸಣ್ಣ ವ್ಯಾಪಾರದವರಾಗಿದ್ದು, ದಿನಾ ಮಾಡುವ ಕೆಲಸವನ್ನು ಕಂಪ್ಯೂಟರಿನ ಕೈಗೆ ಒಪ್ಪಿಸಬೇಕೆಂದಿದ್ದರೆ ಒಪ್ಪಿಸಿ, ಖರ್ಚು ಕಡಿಮೆ. ಮೊದಲು ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬಾಯಿಗೆ ಬರುತ್ತದೆ ಎನ್ನುವವನಿಗೆ ಅದನ್ನು ಕೊಡಬೇಡಿ, ಎರಡು ಸಲ ಓದುವವರ ಕೈಗೆ ಕೊಡಿ. ಕೆಲಸಗಳಿಗೆ ನಿಮ್ಮ ಮನೆಯ ಮಾತಿನಲ್ಲೇ ಹೆಸರಿಡಿ, ಆಗ ಮರೆಯುವುದಿಲ್ಲ. ಪ್ರತಿ ಪರೀಕ್ಷೆಯ ಮೇಲೂ ಅದು ಯಾಕೆ ಬಂತು ಎಂದು ಒಂದು ಸಾಲು ಬರೆಸಿ. ಗಿರಾಕಿಗೆ ಕೊಡುವ ಮುನ್ನ ಒಂದು ಕಡೆಯಾದರೂ ಯಂತ್ರ ನಿಂತು ಮನುಷ್ಯರನ್ನು ಕೇಳಲಿ. ಸಂಬಳದಲ್ಲಿ ಚೌಕಾಸಿ ಮಾಡಿ, ತಪ್ಪಿಲ್ಲ, ನಾನು ಇವತ್ತೂ ಮಾಡುತ್ತೇನೆ. ನಿಲ್ಲಿಸುವ ಹಗ್ಗವನ್ನು ಮಾತ್ರ ಯಾರ ಕೈಗಾದರೂ ಕೊಟ್ಟಿದ್ದರೆ, ಅದನ್ನು ಮೀರಲೇಬೇಕಾದ ದಿನ ಅವರು ಊಟ ಮುಗಿಸಿ ಬರುವ ತನಕ ಕಾಯಿರಿ. ಮುಕ್ಕಾಲು ಗಂಟೆ ಅಷ್ಟೆ. ಗಿರಾಕಿ ನಿಲ್ಲದಿದ್ದರೆ ನಾಳೆ ಬರುತ್ತಾನೆ.